ಮೈಯ ವಿಷ ಇಳಿಸಲು ಬಂದಿದ್ದ ಅತಿಥಿಗೊಂದು ಬಹಿರಂಗ ಪತ್ರ

ಬೆಂಗಳೂರಿನ 'ಡಿಜಿಟಲ್ ಡಿಟಾಕ್ಸ್' ಮಹಾಶಯರಿಗೆ,

ಮೂಡಿಗೆರೆ ತಾಲ್ಲೂಕು ಜಾವಳಿ ಕಡೆಯ ಒಬ್ಬ ಸಣ್ಣ ಬೆಳೆಗಾರನ ನಮಸ್ಕಾರ. ಕಾಫಿ ಸಾಲ ತೀರಿಸಲು ಹೋಂಸ್ಟೇ ಬೋರ್ಡು ಹಾಕಿಕೊಂಡವನು.

ಮೊಬೈಲಿನ ವಿಷ ಇಳಿಸಿಕೊಳ್ಳಲು ಬಂದಿರಿ. ಕಾರಿನಿಂದ ಇಳಿದವರೇ ಕೇಳಿದ್ದು ವೈಫೈ ಪಾಸ್‌ವರ್ಡ್. ತಪ್ಪೇನಿಲ್ಲ, ಡಿಟಾಕ್ಸ್ ಶುರುವಾಯಿತೆಂದು ನಾಲ್ಕು ಜನಕ್ಕೆ ಗೊತ್ತಾಗದಿದ್ದರೆ ಅದೆಂಥ ಡಿಟಾಕ್ಸ್? ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋದಾಗ ಜನರೇಟರ್ ಹಾಕಿಸಿದಿರಿ, ಧ್ಯಾನದ ಆ್ಯಪ್‌ಗೆ ಚಾರ್ಜ್ ಬೇಕಿತ್ತು. ರಾತ್ರಿ ಜೀರುಂಡೆಗಳ ಸದ್ದು ಸ್ವಲ್ಪ ಕಡಿಮೆ ಮಾಡಿಸಲಾದೀತೇ ಎಂದು ಕೇಳಿದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ, ಈ ಪತ್ರದವರೆಗೆ.

2022ರಲ್ಲಿ ಚಂದ್ರದ್ರೋಣ ಗಿರಿಯಲ್ಲಿ ಕುರಿಂಜಿ ಅರಳಿದಾಗಲೂ ಬಂದಿದ್ದಿರಂತೆ. ಹನ್ನೆರಡು ವರ್ಷ ಕಾದು ಅರಳುವ ಹೂವಿಗೆ ಹದಿನೈದು ಸೆಕೆಂಡಿನ ರೀಲ್ಸ್ ಕೊಟ್ಟ ಉದಾರಿಗಳು ನೀವು.

ಇರಲಿ, ವಿಷದ ವಿಚಾರಕ್ಕೆ ಬರೋಣ. ನೀವು ಹೋದ ಮೇಲೆ ಹಳ್ಳದ ದಂಡೆಯಲ್ಲಿ ಹೆಕ್ಕಿದ್ದು: ನೀರಿನ ಬಾಟಲಿಗಳು, ಚಿಪ್ಸ್ ಪೊಟ್ಟಣ, 'ಪರಿಸರಸ್ನೇಹಿ' ಎಂದು ಬರೆದುಕೊಂಡ ಒದ್ದೆ ಟಿಶ್ಯೂವಿನ ಪ್ಲಾಸ್ಟಿಕ್ ಕವರು. ಹೊರಗೆ ಪ್ಲಾಸ್ಟಿಕ್, ಒಳಗೆ ಬೆಳ್ಳಿಬಣ್ಣದ ಲೇಪವಿರುವ ಆ ಪೊಟ್ಟಣವನ್ನು ನಮ್ಮ ಗುಜರಿಯವನೂ ಮುಟ್ಟುವುದಿಲ್ಲ. ರಾಜ್ಯದಲ್ಲಿ 2016ರಿಂದಲೇ ಪ್ಲಾಸ್ಟಿಕ್ ಚೀಲಕ್ಕೆ ನಿಷೇಧವಿದೆ. ನೀವು ತಂದದ್ದು ಚೀಲವಲ್ಲ, ಪೊಟ್ಟಣ. ಕಾನೂನು ಬಲ್ಲವರು.

ಹೆಕ್ಕಲು ಸಿಗದೆ ಉಳಿದದ್ದು ಮಳೆಗೆ ಹೋಯಿತು. ಕಳೆದುಹೋಯಿತೆಂದು ಬೇಸರ ಬೇಡ. ನಮ್ಮ ಹಳ್ಳ ಸೇರುವುದು ಇಲ್ಲೇ ಹುಟ್ಟುವ ಹೇಮಾವತಿಯನ್ನು. ಅವಳು ಗೊರೂರಿನ ಅಣೆಕಟ್ಟೆ ದಾಟಿ ಕನ್ನಂಬಾಡಿಯಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಪೊಟ್ಟಣ ಇಡಿಯಾಗಿ ಅಷ್ಟು ದೂರ ಹೋಗಲಾರದು. ಬಿಸಿಲು, ಕಲ್ಲು ಸೇರಿ ಅದನ್ನು ಕಣ್ಣಿಗೆ ಕಾಣದಷ್ಟು ನುಣ್ಣಗೆ ಅರೆದುಕೊಡುತ್ತವೆ. ಮುಂದೆ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರಕ್ಕೆ, 500 ಮೀಟರ್ ಎತ್ತರಕ್ಕೆ ಪಂಪು ಮಾಡಿ ಕಾವೇರಿಯನ್ನು ನಿಮ್ಮ ನಲ್ಲಿಗೆ ಮುಟ್ಟಿಸುತ್ತಾರೆ. ಬಿಟ್ಟುಹೋದ ಸಾಮಾನನ್ನು ಇಷ್ಟು ಮುತುವರ್ಜಿಯಿಂದ ಹಿಂದಿರುಗಿಸುವ ಹೋಂಸ್ಟೇ ಬೇರೆಲ್ಲಿದೆ? ರೇಟಿಂಗ್ ಕೊಡುವಾಗ ನೆನಪಿರಲಿ.

ನೀರನ್ನು ಶುದ್ಧ ಮಾಡಿಯೇ ಬಿಡುತ್ತಾರೆ, ಹೆದರಬೇಡಿ. ಆದರೂ ಅನುಮಾನವಿದ್ದರೆ ಬಾಟಲಿ ನೀರು ಕೊಳ್ಳಿ. ಖಾಲಿ ಬಾಟಲಿಗೆ ನಮ್ಮ ಹಳ್ಳವಿದೆ, ದೀಪಾವಳಿಗೆ ಎರಡು ಕೋಣೆಯೂ ಇವೆ.

ಇತಿ,
ನಿಮ್ಮ ಹೋಂಸ್ಟೇಯವನು