ಅತ್ತೆಯ ಕಿವಿ, ಭಾವಮೈದನ ಡ್ಯಾಕ್

ಬರ್ಮಿಂಗ್‌ಹ್ಯಾಮಿನ ನನ್ನ ಭಾವಮೈದ ಲೀಡ್ಸಿನ ನಮ್ಮ ಮನೆಗೆ ಬಂದಾಗ ಅವನ ಹೊಸ ಡ್ಯಾಕ್ ಕಾರಿನ ಮುಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ಕೂತಿತ್ತು. ಧಾರವಾಡದಿಂದ ಬಂದಿದ್ದ ಅವನ ಹೆತ್ತ ತಾಯಿ, ಅಂದರೆ ನನ್ನ ಅತ್ತೆ, ಹಿಂದಿನ ಸೀಟಿನಲ್ಲಿ ಹೋಳಿಗೆ ಡಬ್ಬಿ ಅಪ್ಪಿಕೊಂಡಿದ್ದರು.

1982ರಲ್ಲಿ ಬಂದ ಸಿ.ಡಿ.ಯ ಹಾಡೆಲ್ಲ ಅಂಕಿಗಳ ರಾಶಿ. ಸೆಕೆಂಡಿಗೆ 44,100 ಸಲ ದನಿಯನ್ನು ಅಳೆದು, ಪ್ರತಿ ಅಳತೆಯನ್ನೂ 65,536 ಮೆಟ್ಟಿಲುಗಳಲ್ಲಿ ಒಂದರ ಮೇಲೆ ಕೂರಿಸಿ ಬರೆದ ಲೆಕ್ಕ. ಆ ಲೆಕ್ಕವನ್ನು ಮತ್ತೆ ವಿದ್ಯುತ್ತಿನ ಅಲೆಯಾಗಿಸುವ ಪೆಟ್ಟಿಗೆಯೇ ಡ್ಯಾಕ್. ನನ್ನದು 90 ಪೌಂಡಿನದು, ಅವನದು 1,900. ವ್ಯತ್ಯಾಸ ಕೇಳಿಸಲೇಬೇಕೆಂಬುದು ಅವನ ಹಟ, ಕೇಳಿಸಲೇಬಾರದೆಂಬುದು ನನ್ನ ಪ್ರಾರ್ಥನೆ. ಗಾಯಕ ಮಲ್ಲಿಕಾರ್ಜುನ ಮನ್ಸೂರರು ಇಬ್ಬರಿಗೂ ನೆಪ.

"ಭಾವ, ಹಿನ್ನೆಲೆ ಎಷ್ಟು ಕಪ್ಪಗಿದೆ ಕೇಳಿ" ಅಂದ. ಈ ಹವ್ಯಾಸದವರ ಮಾತೇ ನನಗಾಗದು. ಕಪ್ಪನ್ನು ಕಿವಿಯಲ್ಲಿ ನೋಡುತ್ತಾರೆ. ಹೊಸ ಪೆಟ್ಟಿಗೆ ಕೊಂಡಾಗಲೆಲ್ಲ ಗಾಯಕನ ಮುಂದಿನ ಪರದೆ ಸರಿಯಿತು ಎನ್ನುತ್ತಾರೆ. ಪಾಪ, ಅವನ ಮುಂದೆ ಎಷ್ಟು ಪರದೆ ಕಟ್ಟಿದ್ದರೋ! ನಾನು ಆಕ್ಷೇಪ ಎತ್ತಿದೆ. ಅವನ ಡ್ಯಾಕ್ ಹೊರಬಿಡುವುದು 2.4 ವೋಲ್ಟ್, ನನ್ನದು 2. ಅಂದರೆ ಅವನದು ಒಂದೂವರೆ ಡೆಸಿಬೆಲ್ ಜೋರು. ಚೂರು ಜೋರಾಗಿದ್ದರೂ ಕಿವಿ ಅದನ್ನು ಜೋರು ಎನ್ನುವುದಿಲ್ಲ, ಚೆಂದ ಎನ್ನುತ್ತದೆ. ಮೊದಲು ಎರಡರ ಮಟ್ಟ ಸರಿಮಾಡಬೇಕು.

ಅದಕ್ಕೆ ಶಾಸ್ತ್ರವಿದೆ. 1,000 ಹರ್ಟ್ಸಿನ ಒಂದೇ ಸ್ವರ ಹಾಕಿ, ಸ್ಪೀಕರಿನ ಬೆನ್ನಿಗೆ ಮಲ್ಟಿಮೀಟರಿನ ಕಡ್ಡಿ ಹಿಡಿದು ವೋಲ್ಟೇಜ್ ನೋಡುವುದು. ಸ್ವರ ಹಾಕಿದೆ. ಕೂಊಊ. ನಾನು ಸ್ಪೀಕರಿನ ಹಿಂದೆ ಬೋರಲಾಗಿದ್ದೆ, ಅವನು ಆಂಪ್ಲಿಫೈಯರಿನ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದ. "ಇನ್ನೂ ಕಮ್ಮಿ." ಕೂಊಊ. "ಅಯ್ಯೋ, ಜಾಸ್ತಿ ಆಯ್ತು." ಕೂಊಊ. ಅಡುಗೆಮನೆಯಿಂದ ಅತ್ತೆ ಓಡಿ ಬಂದರು. "ಅಳಿಯಂದ್ರ, ಏನ್ರಿ ನಿಮ್ಮ ಕುಕ್ಕರು! ಮೂರು ಸೀಟಿ ಆಗ್ಲಿ ಅಂತ ಕುಂತೀನಿ, ಒಂದ ಸೀಟಿ ಮುಗಿಯವಲ್ದು!" ಗ್ಯಾಸ್ ಆರಿಸಿಯೇ ಬಂದಿದ್ದರು. ಬೇಳೆ ಅರ್ಧ ಬೆಂದಿತ್ತು. ಸ್ವರ ನಿಲ್ಲಿಸೋಣವೆಂದರೆ ಮೀಟರಿನಲ್ಲಿ ಕೊನೆಯ ಅಂಕಿ ಇನ್ನೂ ಕುಣಿಯುತ್ತಿತ್ತು. ಅಷ್ಟರಲ್ಲಿ ಬಾಗಿಲು ಬಡಿದರು. ಒಂದೇ ಗೋಡೆಯ ಆಚೆಯ ಮುದುಕಿ ಡ್ರೆಸಿಂಗ್ ಗೌನಿನಲ್ಲೇ ಬಂದಿದ್ದಳು, ಕಂಕುಳಲ್ಲಿ ಬೆಕ್ಕು. "ಯು ಆಲ್ ರೈಟ್, ಲವ್? ಈಸ್ ಇಟ್ ದ ಸ್ಮೋಕ್ ಅಲಾರಂ?" ಹೊಗೆಯಿಲ್ಲ, ಡ್ಯಾಕ್ ಹೋಲಿಸುತ್ತಿದ್ದೇವೆ ಎಂದೆ. ಆಕೆ ನನ್ನನ್ನೂ ಮಲ್ಟಿಮೀಟರನ್ನೂ ನೋಡಿ, ಬೆಕ್ಕಿನ ಕಿವಿ ಮುಚ್ಚಿಕೊಂಡು ಹೊರಟಳು. ಇತ್ತ ಅತ್ತೆಗೆ ಹೊಸ ಅನುಮಾನ. ಕಿವಿಯೊಳಗಿನ ಶ್ರವಣಯಂತ್ರ ತೆಗೆದು ಅಂಗೈಗೆ ಎರಡು ಸಲ ಬಡಿದರು. ಮುಖ ಅರಳಿತು. "ನಿಂತ್ತು ನೋಡ್ರಿ, ಇದರದ ಸುಳ್ಳಾಟ" ಎಂದು ಅದನ್ನು ಜಂಪರಿನೊಳಗೆ ಸೇರಿಸಿ ಮತ್ತೆ ಬೇಳೆ ಬೇಯಿಸಲು ಹೋದರು. ಕೂಊಊ.

ಮಟ್ಟ ಕೂಡಿದ ಮೇಲೆ ನಮಗಿಬ್ಬರಿಗೂ ಏನೂ ವ್ಯತ್ಯಾಸ ಕಾಣಲಿಲ್ಲ. ಅದನ್ನು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ತೀರ್ಪಿಗೆ ಮೂರನೆಯವರು ಬೇಕಾಯಿತು. ಹೀಗೆ ಹೋಲಿಸುವ ಹುಚ್ಚು ನಮ್ಮ ಲೀಡ್ಸ್ ಸೀಮೆಗೆ ಹೊಸದೂ ಅಲ್ಲ. ಬ್ರಾಡ್‌ಫರ್ಡಿನ ಬಟ್ಟೆ ವ್ಯಾಪಾರದಲ್ಲಿದ್ದ ಗಿಲ್ಬರ್ಟ್ ಬ್ರಿಗ್ಸ್ 1932ರಲ್ಲಿ ಇಲ್ಲೇ ಇಲ್ಕ್ಲಿಯ ತನ್ನ ಮನೆಯ ನೆಲಮಾಳಿಗೆಯಲ್ಲಿ ಸ್ಪೀಕರ್ ಕಟ್ಟಿ, ಊರ ಕಣಿವೆಯ ಹೆಸರನ್ನೇ ಇಟ್ಟು ವಾರ್ಫ್‌ಡೇಲ್ ಎಂದ. 1954ರಲ್ಲಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲಿನಲ್ಲಿ ಸಂಗೀತಗಾರರನ್ನೇ ವೇದಿಕೆಗೆ ಹತ್ತಿಸಿ, ಒಮ್ಮೆ ಅವರ ವಾದನ, ಒಮ್ಮೆ ಮುದ್ರಿತ ದನಿ ಎಂದು ಜನಕ್ಕೆ ಕೇಳಿಸಿದ. ನಮ್ಮ ಬಳಿ ಇದ್ದ ಪ್ರತ್ಯಕ್ಷ ಸಾಕ್ಷಿ ಒಬ್ಬರೇ. ಮನ್ಸೂರರನ್ನು ಧಾರವಾಡದ ಬೈಠಕ್ಕಿನಲ್ಲಿ ಎದುರು ಕೂತು ಕೇಳಿದ ಅತ್ತೆ.

ಶ್ರವಣಯಂತ್ರ ಮತ್ತೆ ಕಿವಿಗೇರಿತು. ಆಕಾಶವಾಣಿಯ ಹಳೆಯ ಧ್ವನಿಮುದ್ರಣವನ್ನು ಇದರಲ್ಲೊಮ್ಮೆ ಅದರಲ್ಲೊಮ್ಮೆ ಹಾಕಿದೆವು. ಅತ್ತೆ ಕಣ್ಣುಮುಚ್ಚಿ ಕೇಳಿದರು.

"ಯಾವುದು ಖರೇ ಅನಸ್ತೈತಿ ಅವ್ವಾ?"

"ಎರಡೂ ಛಲೋ ಅದಾವು. ಖರೇ ಯಾವುದೂ ಅಲ್ಲ. ಬೈಠಕ್ಕಿನ್ಯಾಗ ನಮ್ಮನ್ನ ನೋಡಿ ಹಾಡ್ತಿದ್ರು. ಇದರಾಗ ಯಾರನ್ನ ನೋಡಿ ಹಾಡಾಕತ್ತಾರ?" ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮ ಮಾವನೋರಿಗೆ ತಾಳ ತಪ್ಪತಿತ್ತು. ಆದ್ರೂ ತೊಡಿ ಮ್ಯಾಲಿನ ಕೈ ನಿಲ್ತಿರಲಿಲ್ಲ" ಎಂದರು. ಮಾವ ತೀರಿಕೊಂಡ ಮೇಲೆ ಅವರ ಮಾತು ಅತ್ತೆಯ ಬಾಯಲ್ಲಿ ಬರುವುದು ಅಪರೂಪ. ನಾನು ಹೋಗಿ ವಾಲ್ಯೂಮ್ ತಗ್ಗಿಸಿದೆ. ಎಷ್ಟು ಡೆಸಿಬೆಲ್ ಎಂದು ನೋಡಲಿಲ್ಲ.

ಭಾವಮೈದ ಮಾತ್ರ ತಾಯಿಯ ಕಿವಿಯನ್ನೇ ದಿಟ್ಟಿಸುತ್ತಿದ್ದ. ಅವನಿಗೆ ಆಗ ಹೊಳೆದಿತ್ತು: ದನಿಯನ್ನು ಹಿಡಿದು, ಅಂಕಿಯಾಗಿಸಿ, ತಿದ್ದಿ, ಮತ್ತೆ ದನಿಯಾಗಿಸಿ ಒಳಗೆ ಬಿಡುವ ಆ ಕಡಲೆಬೇಳೆ ಗಾತ್ರದ ಯಂತ್ರವೂ ಒಂದು ಡ್ಯಾಕೇ. ನನ್ನ 90 ಪೌಂಡ್, ಅವನ 1,900, ಎರಡೂ ಅದರೊಳಗೆ ತೂರಿಯೇ ತೀರ್ಪುಗಾರರನ್ನು ಮುಟ್ಟಿದ್ದವು.

"ಅವ್ವಾ, ಇದನ್ನ ಎಲ್ಲಿ ತಗೊಂಡಿ? ಯಾವ ಚಿಪ್ ಐತಿ ಇದರಾಗ?"

"ಹುಬ್ಬಳ್ಳ್ಯಾಗ. ಯಾಕ, ನಿನಗೂ ಬೇಕೇನು?"