ಹತ್ತು ಕೋಟಿಯಲ್ಲಿ ಒಬ್ಬ

ಬೆಂಗಳೂರಿನ ಸಾಕುಪ್ರಾಣಿ ಅಂಗಡಿಗಳಲ್ಲಿ ಬೆಲ್ಟು, ಬಿಸ್ಕತ್ತು, ಶಾಂಪೂಗಳ ಪಕ್ಕ ಈಗ ಹೊಸ ಸಾಲೊಂದು ಬಂದು ಕೂತಿದೆ. ನಾಯಿಗಳ ಪ್ರೊಬಯೋಟಿಕ್. ಪುಡಿ, ಪೇಸ್ಟು, ಮಾತ್ರೆ, ಜಗಿಯುವ ತುಂಡು, ಎಲ್ಲದರ ಮೇಲೂ ನಗುವ ನಾಯಿಯ ಚಿತ್ರ. ಹೊಟ್ಟೆ ಕೆಟ್ಟಿದ್ದರೂ ಸರಿ, ಕೆಡದಿದ್ದರೂ ಸರಿ, ದಿನಕ್ಕೊಂದು ಸ್ಯಾಶೆ. ಇದರಿಂದ ನಿಜಕ್ಕೂ ಏನಾಗುತ್ತದೆ ಎಂದು ಅಂಗಡಿಯವರನ್ನು ಕೇಳಿದರೆ ಎರಡು ಡಬ್ಬಿ ತಗೊಳ್ಳಿ, ಆಫರ್ ಇದೆ ಅನ್ನುತ್ತಾರೆ. ನಾಯಿಯನ್ನು ಕೇಳಿದರೆ ಬಟ್ಟಲು ನೆಕ್ಕಿ ಮತ್ತೆ ಮುಖ ನೋಡುತ್ತದೆ. ಹಾಗಾಗಿ ಪೊಟ್ಟಣದೊಳಗಿರುವವರನ್ನೇ ಮಾತಾಡಿಸಿದೆವು. ಹೆಸರು ಎಂಟರೋಕಾಕಸ್ ಫೀಸಿಯಂ, ತಳಿ ಸಂಖ್ಯೆ ಎಸ್‌ಎಫ್68. ವೃತ್ತಿ, ಬ್ಯಾಕ್ಟೀರಿಯ. ಸ್ಥಳ, ಜಯನಗರದ ಒಂದು ಮನೆಯ ಅಡುಗೆಕಟ್ಟೆ, ಮಿಕ್ಸಿಯ ಪಕ್ಕ. ಬ್ರೂನೋ ಎಂಬ ಲ್ಯಾಬ್ರಡಾರಿನ ರಾತ್ರಿಯೂಟಕ್ಕೆ ಇನ್ನೂ ಅರ್ಧ ಗಂಟೆ ಇತ್ತು.

ನಮಸ್ಕಾರ. ನಿದ್ದೆಯಿಂದ ಎಬ್ಬಿಸಿಬಿಟ್ಟೆವೇನೋ.

ಪೂರ್ತಿ ಎದ್ದಿಲ್ಲ. ನಮ್ಮನ್ನು ಹೆಪ್ಪುಗಟ್ಟಿಸಿ, ತೇವ ಹೀರಿ, ಒಣಗಿಸಿ ಮಲಗಿಸಿರುತ್ತಾರೆ. ನೀರು ತಾಗಿದರೆ ಎಚ್ಚರ. ಈ ಸ್ಯಾಶೆಯ ಮೂಲೆ ಹರಿದಿದೆ, ನೀವು ಬಗ್ಗಿ ಮಾತಾಡುತ್ತಿದ್ದೀರಿ, ಎಂಜಲು ಹಾರುತ್ತಿದೆ. ಅಷ್ಟರಲ್ಲಿ ಆಗುವಷ್ಟು ಮಾತಾಡೋಣ.

ಸ್ವಂತ ಊರು ಯಾವುದು?

ಹಸುಗೂಸಿನ ಮಲ. ಮುಖ ಕಿವುಚಬೇಡಿ, ಆರೋಗ್ಯವಂತ ಕೂಸು ಅದು. ಮನುಷ್ಯರ ಕೂಸು.

ನಾಯಿಯದ್ದಲ್ಲವೇ? ಮತ್ತೆ ಪೊಟ್ಟಣದ ಮೇಲೆ ನಾಯಿಯ ಚಿತ್ರ?

ಡೆಪ್ಯುಟೇಶನ್ ಸ್ವಾಮಿ. ನಿಮ್ಮ ವಿಧಾನಸೌಧದಲ್ಲಿ ಪಶುಸಂಗೋಪನೆಯವರನ್ನು ಸಣ್ಣ ನೀರಾವರಿಗೆ ಹಾಕುವುದಿಲ್ಲವೇ? ಅವರೂ ಹೋಗಿ ಕೂತು ಸಹಿ ಮಾಡಿ ಬರುತ್ತಾರೆ.

ಇದರ ಮೇಲೆ ಹತ್ತು ಕೋಟಿ ಸಿಎಫ್‌ಯು ಅಂತಿದೆ. ಅಷ್ಟೂ ಜನ ಒಳಗಿದ್ದೀರಾ?

ಸಿಎಫ್‌ಯು ಅಂದರೆ ತಲೆ ಎಣಿಕೆಯಲ್ಲ. ತಟ್ಟೆಯ ಮೇಲೆ ಬಿತ್ತಿದರೆ ಬೆಳೆದು ಒಂದು ಚುಕ್ಕೆಯಾಗಬಲ್ಲ ಜೀವಂತ ಕಣಗಳ ಲೆಕ್ಕ. ಸತ್ತವರನ್ನು ಎಣಿಸುವ ಹಾಗಿಲ್ಲ. ನಿಮ್ಮ ಮತದಾರರ ಪಟ್ಟಿಗಿಂತ ಕಟ್ಟುನಿಟ್ಟು. ಕಾಗದದ ಮೇಲೆ ಹಾಗೆ. 2011ರಲ್ಲಿ ಕೆನಡಾದ ಸಂಶೋಧಕರು ಪೇಟೆಯ 25 ಪ್ರೊಬಯೋಟಿಕ್‌ಗಳನ್ನು ತಂದು ತಟ್ಟೆಗೆ ಬಿತ್ತಿ ನೋಡಿದರು. ಅವುಗಳಲ್ಲಿ ಇಷ್ಟು ಜೀವಾಣುಗಳಿವೆ ಎಂದು ಸಂಖ್ಯೆ ಹೇಳಿದ್ದು 15. ಹೇಳಿದಷ್ಟು ನಿಜಕ್ಕೂ ಇದ್ದದ್ದು ನಾಲ್ಕರಲ್ಲಿ. ಒಳಗಿರುವುದನ್ನು ಸರಿಯಾಗಿ ವಿವರಿಸಿ, ಹೇಳಿದಷ್ಟನ್ನೂ ಕೊಟ್ಟವು, ಇಪ್ಪತ್ತೈದಕ್ಕೆ ಎರಡು. ಕೆಲವದರಲ್ಲಿ ಏನೂ ಬೆಳೆಯಲೇ ಇಲ್ಲ. ಇಂಥ ಡಬ್ಬಿಗಳ ಮೇಲೆ ನಮ್ಮ ಹೆಸರಿನ ಕಾಗುಣಿತವೂ ಎಷ್ಟೋ ಸಲ ತಪ್ಪಿರುತ್ತದೆ. ಹೆಸರು ಬರೆಯಲು ಬಾರದವರು ಹತ್ತು ಕೋಟಿ ಸರಿಯಾಗಿ ಎಣಿಸಿದ್ದಾರೆ ಅಂತ ನೀವು ನಂಬಬೇಕು.

ನಿಮ್ಮ ಪೊಟ್ಟಣದ ಸ್ಥಿತಿ?

ಒಳಗೆ ಕತ್ತಲು, ನಾನು ಎಣಿಸಿಲ್ಲ. ಆದರೆ ನಾವು ಬಂದ ದಾರಿ ಹೇಳುತ್ತೇನೆ. ಏಪ್ರಿಲ್ ಮಧ್ಯಾಹ್ನ, ಡೆಲಿವರಿ ಹುಡುಗನ ಕಪ್ಪು ಚೀಲ, ಸಿಲ್ಕ್ ಬೋರ್ಡ್ ಸಿಗ್ನಲ್. ‘ತಂಪಾದ, ಒಣ ಜಾಗದಲ್ಲಿ ಇಡಿ’ ಅಂತ ನಮ್ಮ ಬೆನ್ನ ಮೇಲೆ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ ಬರೆದಿದೆ. ಆ ಹುಡುಗನಿಗೇ ತಂಪಾದ ಜಾಗ ಇರಲಿಲ್ಲ, ಪಾಪ. ಇನ್ನೊಂದು ಸೂಕ್ಷ್ಮ ಇದೆ. ತಯಾರಾದ ದಿನ ಇಷ್ಟು ಕೋಟಿ ಇದ್ದರು ಅನ್ನುವುದು ಬೇರೆ, ಅವಧಿ ಮುಗಿಯುವವರೆಗೂ ಇಷ್ಟು ಕೋಟಿ ಇರುತ್ತಾರೆ ಅನ್ನುವುದು ಬೇರೆ. ಮೊದಲನೆಯದನ್ನು ಯಾರು ಬೇಕಾದರೂ ಬರೆಯಬಹುದು.

ಇಷ್ಟೆಲ್ಲ ದಾಟಿ ನಾಯಿಯ ಹೊಟ್ಟೆಗೆ ಹೋದ ಮೇಲೆ ಕೆಲಸವೇನು?

ಮೊದಲ ಕೆಲಸ ಸಾಯದೆ ಇರುವುದು. ನಾಯಿಯ ಜಠರದ ಆಮ್ಲ ನೋಡಿದ್ದೀರಾ? ಅದನ್ನು ದಾಟಿ ಉಳಿದವರು ಕರುಳಿಗೆ ಇಳಿದು ಲ್ಯಾಕ್ಟಿಕ್ ಆಮ್ಲ ಬಿಟ್ಟು, ಕೆಟ್ಟವರಿಗೆ ಕೂರಲು ಜಾಗ ಕೊಡದೆ, ದೇಹದ ರೋಗನಿರೋಧಕ ವ್ಯವಸ್ಥೆಯನ್ನು ಸ್ವಲ್ಪ ಚಿವುಟುತ್ತೇವೆ. ಈ ಚಿವುಟುವುದರಲ್ಲಿ ನನಗೊಂದು ಸರ್ಟಿಫಿಕೇಟ್ ಇದೆ. 2003ರಲ್ಲಿ 14 ಮರಿಗಳ ಮೇಲೆ ನಡೆದ ಪ್ರಯೋಗ. ತಾಯಿಹಾಲು ಬಿಟ್ಟಾಗಿನಿಂದ ಒಂದು ವರ್ಷದವರೆಗೆ ಅರ್ಧದಷ್ಟು ಮರಿಗಳಿಗೆ ನನ್ನನ್ನು ತಿನ್ನಿಸಿದರು. ಡಿಸ್ಟೆಂಪರ್ ಲಸಿಕೆಗೆ ಅವುಗಳ ಮೈ ಇನ್ನೂ ಚೆನ್ನಾಗಿ ಸ್ಪಂದಿಸಿತು. ಆದರೆ ಗಮನಿಸಿ, ಲಸಿಕೆ ಹಾಕಿಸಿದ್ದರು. ನಾನು ಅದರ ಜೊತೆಗಾರ ಅಷ್ಟೇ.

ಹೊಟ್ಟೆಯೊಳಗೆ ನೆಲೆಸಿಬಿಡುತ್ತೀರಿ ಅಂತ ಜಾಹೀರಾತು ಹೇಳುತ್ತದೆ.

ನೆಲೆಸುವುದೆಲ್ಲಿ ಬಂತು, ಲಾಡ್ಜಿನಲ್ಲಿ ರೂಮು ಮಾಡಿರುತ್ತೇವೆ. ಪುಡಿ ನಿಲ್ಲಿಸಿದ ಕೆಲವು ದಿನಗಳಲ್ಲಿ ನಾವು ಬೆಳಗಿನ ವಾಕಿಂಗಿನಲ್ಲಿ ಹೊರಗೆ. ಕಂಪನಿಯ ಲೆಕ್ಕದಲ್ಲಿ ಇದು ನನ್ನ ಕೊರತೆಯಲ್ಲ, ನನ್ನ ದೊಡ್ಡ ಗುಣ. ನೆಲೆಸುವವನನ್ನು ಒಂದೇ ಸಲ ಮಾರಬಹುದು.

ಭೇದಿಯನ್ನಾದರೂ ನಿಲ್ಲಿಸುತ್ತೀರಲ್ಲ?

(ಇಲ್ಲಿ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ತೇವ ಕಡಿಮೆಯಾಯಿತೇನೋ ಎಂದು ನಾವು ಇನ್ನಷ್ಟು ಹತ್ತಿರ ಬಗ್ಗಿದೆವು.)

2011ರಲ್ಲೇ ಇನ್ನೊಂದು ಪ್ರಯೋಗ ನಡೆಯಿತು, ಪ್ರಾಣಿ ಆಶ್ರಯಧಾಮದಲ್ಲಿ. ನಾಯಿಗಳಿಗೂ ಬೆಕ್ಕುಗಳಿಗೂ ನನ್ನನ್ನೇ ಕೊಟ್ಟರು. ದಿನಗಟ್ಟಲೆ ಎಳೆಯುವ ಭೇದಿ ಬೆಕ್ಕುಗಳಲ್ಲಿ ಕಡಿಮೆಯಾಯಿತು. ನಾಯಿಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ.

ಅಂದರೆ ನಾಯಿಯ ಚಿತ್ರ ಹಾಕಿಕೊಂಡು ಬೆಕ್ಕುಗಳಿಗೆ ಉಪಕಾರ ಮಾಡಿದಿರಿ.

ಹೌದು. ಅದರ ಕೀರ್ತಿ ಬೆಕ್ಕುಗಳಿಗೂ ಗೊತ್ತಿಲ್ಲ. ಆಮೇಲೆ 2019ರಲ್ಲಿ ದಿಢೀರ್ ಭೇದಿಯಾದ 60 ನಾಯಿಗಳನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ಪ್ರೊಬಯೋಟಿಕ್, ಒಂದಕ್ಕೆ ಮೆಟ್ರೊನಿಡಜೋಲ್ ಎಂಬ ಆಂಟಿಬಯಾಟಿಕ್, ಮೂರನೆಯದಕ್ಕೆ ಏನೂ ಇಲ್ಲದ ಹುಸಿ ಔಷಧಿ. ಮಲ ಗಟ್ಟಿಯಾಗಲು ಸರಾಸರಿ ಮೂರೂವರೆ ದಿನ, 4.6 ದಿನ, 4.8 ದಿನ. ಮೂರೂವರೆಯನ್ನು ನೋಡಿ ಖುಷಿಪಡಬೇಡಿ, ಆ ಅಂತರ ಆಕಸ್ಮಿಕವೂ ಆಗಿರಬಹುದು ಅಂದರು ಸಂಖ್ಯಾಶಾಸ್ತ್ರದವರು. ಹುಸಿ ಔಷಧಿ ತಿಂದ ನಾಯಿಯೂ ಸರಾಸರಿ ಐದು ದಿನದೊಳಗೆ ಎದ್ದು ಓಡಾಡಿತು. ನಮ್ಮ ಬ್ರೂನೋನ ವಿಷಯ ತಗೊಳ್ಳಿ. ಹೋದ ತಿಂಗಳು ನಾಲ್ಕನೇ ದಿನಕ್ಕೆ ಸರಿಹೋದ. ಸರಿಮಾಡಿಕೊಂಡದ್ದು ಅವನ ಕರುಳು. ಹಾರ ಬಿದ್ದದ್ದು ನನ್ನ ಕೊರಳಿಗೆ. ನಾನೂ ಬೇಡ ಅನ್ನಲಿಲ್ಲ.

ಮೆಟ್ರೊನಿಡಜೋಲ್ ಮನೆಮನೆಯಲ್ಲೂ ಇರುತ್ತದೆ. ನಾಯಿಗೂ ಅರ್ಧ ಮಾತ್ರೆ ಹಾಕುತ್ತಾರೆ.

ಅಲ್ಲಿ ನಾನು ತಲೆಯೆತ್ತಿ ಮಾತಾಡಬಲ್ಲೆ. ನನ್ನಿಂದ ಉಪಕಾರ ಕಡಿಮೆ ಇರಬಹುದು, ಅಪಕಾರವೂ ಕಡಿಮೆ. ಆ ಮಾತ್ರೆ ಕರುಳಿನ ಖಾಯಂ ಸಿಬ್ಬಂದಿಯನ್ನೇ ಮುಗಿಸುತ್ತದೆ. ಆರೋಗ್ಯವಂತ ನಾಯಿಯ ಕರುಳಲ್ಲಿ ಫ್ಯೂಸೊಬ್ಯಾಕ್ಟೀರಿಯ ಅನ್ನುವವರಿದ್ದಾರೆ. ಹಿಂದೆ ಕ್ಲಾಸ್ಟ್ರಿಡಿಯಂ ಅನ್ನಿಸಿಕೊಂಡಿದ್ದ ಹಿರಾನೋನಿಸ್ ಇದೆ. ಯಕೃತ್ತು ಕಳಿಸಿದ ಪಿತ್ತಾಮ್ಲವನ್ನು ಬದಲಾಯಿಸಿ, ಪುಂಡ ಬ್ಯಾಕ್ಟೀರಿಯಗಳು ತಲೆಯೆತ್ತದ ಹಾಗೆ ಇಡುವುದು ಅದರ ಕೆಲಸ. ಎರಡು ವಾರ ಮೆಟ್ರೊನಿಡಜೋಲ್ ತಿಂದ ನಾಯಿಗಳಲ್ಲಿ, ಮಾತ್ರೆ ನಿಲ್ಲಿಸಿ ನಾಲ್ಕು ವಾರವಾದರೂ ಫ್ಯೂಸೊಬ್ಯಾಕ್ಟೀರಿಯ ಪೂರ್ತಿ ಮರಳಿರಲಿಲ್ಲ. ತಮಾಷೆಯೇನು ಗೊತ್ತೇ? ಈ ಖಾಯಂ ಸಿಬ್ಬಂದಿಯಲ್ಲಿ ಯಾರೂ ನಿಮ್ಮ ಅಂಗಡಿಯ ಸ್ಯಾಶೆಯಲ್ಲಿಲ್ಲ. ಗಾಳಿ ತಾಗಿದರೆ ಬದುಕದ ಜಾತಿ ಅವರದು, ಪುಡಿ ಮಾಡಿ ಬೈಕಿನಲ್ಲಿ ಕಳಿಸಲಾಗದು. ಕಳಿಸಬಹುದಾದವನು ನಾನು, ಅದಕ್ಕೇ ಮಾರಾಟವಾಗುವವನೂ ನಾನು.

ಆಂಟಿಬಯಾಟಿಕ್ ಜೊತೆಗೆ ನಿಮ್ಮನ್ನೂ ಕೊಡುತ್ತಾರಲ್ಲ?

ಹಲವು ಜಾತಿಯ ಬ್ಯಾಕ್ಟೀರಿಯಗಳನ್ನು ಕೊಲ್ಲುವ ಮಾತ್ರೆ, ಅದರ ಹಿಂದೆಯೇ ನಾನೆಂಬ ಬ್ಯಾಕ್ಟೀರಿಯ. ಆ ಹಲವರಲ್ಲಿ ನಾನೂ ಒಬ್ಬನಾದರೆ ನನ್ನ ಗತಿ ಊಹಿಸಿ. ಆ ಹೊತ್ತಿನಲ್ಲಿ ಕೆಲಸಕ್ಕೆ ಬರುವವನು ಬೌಲಾರ್ಡಿ. ಅವನು ಯೀಸ್ಟ್, ಶಿಲೀಂಧ್ರದ ಕುಲ, ಆಂಟಿಬಯಾಟಿಕ್ ಅವನ ಕಡೆ ತಿರುಗಿಯೂ ನೋಡುವುದಿಲ್ಲ. ಹೋದ ಶತಮಾನದ 20ರ ದಶಕದಲ್ಲಿ ಆಂರಿ ಬೌಲಾರ್ ಎಂಬ ಫ್ರೆಂಚ್ ವಿಜ್ಞಾನಿ ಇಂಡೋಚೈನಾದಲ್ಲಿ ಲಿಚಿ, ಮ್ಯಾಂಗೋಸ್ಟೀನ್ ಹಣ್ಣುಗಳಿಂದ ಹಿಡಿದು ತಂದದ್ದು. ಅವನ ಜನ್ಮಸ್ಥಳ ಕೇಳಿದಾಗ ಯಾರೂ ಮುಖ ಕಿವುಚುವುದಿಲ್ಲ ನೋಡಿ.

ನಿಮ್ಮೆಲ್ಲರ ಕುಲಗುರು ಮೆಚ್ನಿಕಾಫ್ ಅಂತಾರೆ.

ಹುಳಿ ಹಾಲು ಕುಡಿದರೆ ಮುಪ್ಪು ಹತ್ತಿರ ಬರದು ಅಂದ ಮಹಾನುಭಾವ. 1908ರಲ್ಲಿ ನೊಬೆಲ್ ಬಂತು, ಅದು ರೋಗನಿರೋಧಕ ಶಕ್ತಿಯ ಸಂಶೋಧನೆಗೆ, ಹುಳಿ ಹಾಲಿಗಲ್ಲ. ಮಾರುವವರು ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. 1916ರಲ್ಲಿ, 71ನೇ ವಯಸ್ಸಿಗೆ ತೀರಿಕೊಂಡರು.

ಹಾಗಿದ್ದರೆ ನಮ್ಮ ಮನೆಯ ಮೊಸರನ್ನವೇ ಸಾಕಲ್ಲವೇ? ಅಜ್ಜಿಯ ಕಾಲದಿಂದ ನಾಯಿ ಅದನ್ನೇ ತಿಂದಿದೆ.

ಅನ್ನಕ್ಕೆ ನನ್ನ ತಕರಾರಿಲ್ಲ. ತೋಳಕ್ಕೆ ಪಿಷ್ಟ ಜೀರ್ಣಿಸುವ ವಂಶವಾಹಿಯ ಪ್ರತಿ ಎರಡೇ ಇದ್ದರೆ, ನಾಯಿಗೆ ನಾಲ್ಕರಿಂದ ಮೂವತ್ತರವರೆಗೆ ಇದೆ ಅಂತ 2013ರಲ್ಲಿ ಸ್ವೀಡನ್ನಿನವರು ತೋರಿಸಿದರು. ನಿಮ್ಮ ಜೊತೆ ಸಾವಿರಾರು ವರ್ಷ ಉಂಡು ಕಲಿತದ್ದು. ಮೊಸರು? ಸಪ್ಪೆಯಾಗಿ, ಒಂದೆರಡು ಚಮಚ, ಒಗ್ಗುವ ನಾಯಿಗೆ ಪರವಾಗಿಲ್ಲ. ಹಾಲಿನ ಸಕ್ಕರೆ ಒಗ್ಗದ ನಾಯಿಗೆ ಅದೇ ಭೇದಿಗೆ ಕಾರಣ. ಅದರಲ್ಲಿ ಯಾವ ತಳಿ, ಎಷ್ಟು ಕೋಟಿ ಅನ್ನುವುದು ಹೆಪ್ಪು ಕೊಟ್ಟ ಪಕ್ಕದ ಮನೆಯವರಿಗೂ ಗೊತ್ತಿರುವುದಿಲ್ಲ. ಆದರೆ ನನ್ನ ಭಯ ಮೊಸರಿನದ್ದಲ್ಲ. ನೀವು ಬೆಂಗಳೂರಿನವರು ಮೊಸರನ್ನವನ್ನು ಸುಮ್ಮನೆ ಬಿಡುವುದಿಲ್ಲ. ದಾಳಿಂಬೆ ಉದುರಿಸುತ್ತೀರಿ, ಈರುಳ್ಳಿ ಹೆಚ್ಚಿ ಹಾಕುತ್ತೀರಿ, ಮೇಲೆ ಹಸಿರು ದ್ರಾಕ್ಷಿ. ಈರುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ದ್ರಾಕ್ಷಿ, ಒಣದ್ರಾಕ್ಷಿಗಳಿಂದ ಮೂತ್ರಪಿಂಡವೇ ಕೈಕೊಟ್ಟ ನಾಯಿಗಳಿವೆ. ಮದುವೆಮನೆಯ ಮೊಸರನ್ನವನ್ನು ಎಲೆಯಿಂದ ಬಳಿದು ನಾಯಿಗೆ ಹಾಕುವವರು ಒಳ್ಳೆಯ ಮನಸ್ಸಿನಿಂದಲೇ ಹಾಕುತ್ತಾರೆ.

ಬ್ರೂನೋನ ಊಟೋಪಚಾರ ಹೇಗಿದೆ? ನೀವು ಮಿಕ್ಸಿ ಪಕ್ಕದಲ್ಲಿ ಕೂತು ನೋಡುತ್ತೀರಿ.

ಬೆಳಿಗ್ಗೆ ಯಜಮಾನರ ಕಾಫಿಯ ಜೊತೆ ಗ್ಲೂಕೋಸ್ ಬಿಸ್ಕತ್ತು. ಅದು ಲೆಕ್ಕಕ್ಕಿಲ್ಲ. ಹತ್ತು ಗಂಟೆಗೆ ದೋಸೆಯ ಅಂಚು, ಸುಟ್ಟದ್ದು, ಅದೂ ಲೆಕ್ಕಕ್ಕಿಲ್ಲ. ಸಂಜೆ ಅಯ್ಯಂಗಾರ್ ಬೇಕರಿಯ ಖಾರಾ ಬನ್ನು, ಒಳಗೆ ಈರುಳ್ಳಿ, ಮೆಣಸಿನಕಾಯಿ. ಮಗ ಮೇಜಿನಡಿಗೆ ಚೂರು ಬಿಡುತ್ತಾನೆ, ಅಪ್ಪ ನೋಡಿಯೂ ನೋಡದ ಹಾಗಿರುತ್ತಾರೆ. ಭಾನುವಾರ ಕುಕ್ಕರಿನಲ್ಲಿ ಬೆಂದ ಕೋಳಿಮೂಳೆ, ಕಡಿದರೆ ಸೀಳಿ ಸೂಜಿಯಾಗುವಂಥದ್ದು. ಯುಗಾದಿಗೆ ಒಬ್ಬಟ್ಟು ಎರಡು, ತುಪ್ಪ ಸಮೇತ. ಇಷ್ಟಾದ ಮೇಲೆ ರಾತ್ರಿ ಅಮ್ಮನವರು ನನ್ನನ್ನು ತೆಗೆದು, ಕತ್ತರಿಯಿಂದ ಅಂಚು ನೀಟಾಗಿ ಕತ್ತರಿಸಿ, ವಿಭೂತಿಯ ಹಾಗೆ ಬಟ್ಟಲಿನ ಮೇಲೆ ಉದುರಿಸುತ್ತಾರೆ. ನಾನು ಔಷಧಿಯಲ್ಲ ಸ್ವಾಮಿ, ಪ್ರಾಯಶ್ಚಿತ್ತ. ಆ ಫ್ರಿಜ್ಜಿನ ಬಾಗಿಲು ನೋಡಿ. ಆಯಸ್ಕಾಂತದಡಿ ಸಿಕ್ಕಿಸಿದ ಜಂತುಹುಳದ ಮಾತ್ರೆಯ ಚೀಟಿ ಹೋದ ದೀಪಾವಳಿಯದ್ದು.

ಆದರೂ ಇವರಿಗೆ ನಾಯಿಯ ಮೇಲೆ ಎಷ್ಟು ಕಾಳಜಿ!

ಕಾಳಜಿಗೆ ಕೊರತೆಯೇ ಇಲ್ಲ. ದಿನಾ ಬೆಳಿಗ್ಗೆ ಪಾರ್ಕಿನಲ್ಲಿ ಬ್ರೂನೋ ಕೂತು ಎದ್ದ ಕೂಡಲೇ ಫೋಟೋ. ಮಲವನ್ನು ಒಂದರಿಂದ ಏಳರವರೆಗೆ ಅಂಕ ಕೊಟ್ಟು ಅಳೆಯುವ ಪಟ್ಟಿಯಿದೆ, ಎರಡು ಬಂದರೆ ಉತ್ತಮ. ಮನೆಯ ವಾಟ್ಸಾಪ್ ಗುಂಪಿನಲ್ಲಿ ಮೊನ್ನೆ ಎರಡು ಬಂದಾಗ ಹನ್ನೊಂದು ಜನ ಕೈಮುಗಿದ ಚಿತ್ರ ಹಾಕಿದರು. ಮಗನ ಪಿಯುಸಿ ಅಂಕಕ್ಕೂ ಅಷ್ಟು ಬಂದಿರಲಿಲ್ಲ.

ಬೀದಿನಾಯಿಗಳು ನಿಮ್ಮನ್ನು ಕಂಡಿವೆಯೇ?

ಬಿಬಿಎಂಪಿಯ 2023ರ ಎಣಿಕೆಯಲ್ಲಿ ಊರಲ್ಲಿ 2.79 ಲಕ್ಷ ಬೀದಿನಾಯಿಗಳು. 2025ರಲ್ಲಿ ಅವುಗಳಲ್ಲಿ ಕೆಲವು ಸಾವಿರಕ್ಕೆ ಕೋಳಿ ಅನ್ನ ಹಾಕುತ್ತೇವೆ ಅಂತ ಪಾಲಿಕೆ ಅಂದಾಗ ಊರೇ ಎದ್ದು ಕೂತು ಜಗಳವಾಡಿತು. ಆ ಜಗಳದಲ್ಲಿ ಯಾರೂ ನನ್ನ ಹೆಸರೆತ್ತಲಿಲ್ಲ.

ಕೊನೆಗೆ ಒಂದು ಕಟು ಪ್ರಶ್ನೆ. ನಿಮ್ಮ ಕುಟುಂಬದ ಮೇಲೆ ಆಪಾದನೆಗಳಿವೆಯಂತೆ.

ಇವೆ. ವ್ಯಾಂಕೊಮೈಸಿನ್ ಎಂಬ ಆಂಟಿಬಯಾಟಿಕ್‌ಗೂ ಬಗ್ಗದ ಎಂಟರೋಕಾಕಸ್ ಫೀಸಿಯಂಗಳು ಆಸ್ಪತ್ರೆಯ ಐಸಿಯುಗಳಲ್ಲಿ ವೈದ್ಯರ ನಿದ್ದೆ ಕೆಡಿಸಿವೆ. ನನ್ನದೇ ಜಾತಿ, ಬೇರೆ ತಳಿ. ಅದಕ್ಕೇ ಜಾತಿಯ ಹೆಸರು ನೋಡಿ ಕೊಳ್ಳಬೇಡಿ, ತಳಿ ಸಂಖ್ಯೆ ಕೇಳಿ ಅನ್ನುವುದು. ಒಂದು ತಳಿಯ ಮೇಲೆ ನಡೆದ ಪ್ರಯೋಗ ಇನ್ನೊಂದಕ್ಕೆ ಅನ್ವಯಿಸುವುದಿಲ್ಲ. ತಳಿ ಬರೆಯದ ಡಬ್ಬಿಯನ್ನು ಅಲ್ಲೇ ಕಪಾಟಿನಲ್ಲಿ ಬಿಟ್ಟು ಬನ್ನಿ. ಮನುಷ್ಯರ ಜಗಿಯುವ ಮಾತ್ರೆಯನ್ನು ನಾಯಿಗೆ ಹಾಕುವ ಮುನ್ನ ಜೈಲಿಟಾಲ್ ಇದೆಯೇ ಓದಿ, ಆ ಸಿಹಿ ನಾಯಿಗೆ ವಿಷ.

ಓದುಗರಿಗೆ ಏನು ಹೇಳುತ್ತೀರಿ? ಬ್ರೂನೋ ಬಾಲ ಆಡಿಸುತ್ತಾ ಬರುತ್ತಿದ್ದಾನೆ.

ಬೆಳೆದ ನಾಯಿ, ಚುರುಕಾಗಿದೆ, ನೀರು ಕುಡಿಯುತ್ತಿದೆ, ಸ್ವಲ್ಪ ಭೇದಿ ಅಷ್ಟೇ ಅಂದರೆ ವೈದ್ಯರನ್ನು ಒಂದು ಮಾತು ಕೇಳಿ ನನ್ನನ್ನು ಕೊಡಿ. ಎರಡು ದಿನ ನೋಡಿ. ಆದರೆ ಮಲದಲ್ಲಿ ರಕ್ತ ಕಂಡರೆ, ವಾಂತಿಯೂ ಸೇರಿದರೆ, ನಾಯಿ ಮಂಕಾಗಿ ಮಲಗಿದರೆ, ಅದರಲ್ಲೂ ಮರಿಯಾಗಿದ್ದರೆ, ನನ್ನನ್ನು ಹುಡುಕಿಕೊಂಡು ಅಂಗಡಿಗೆ ಹೋಗಿ ಹೊತ್ತು ಕಳೆಯಬೇಡಿ, ನೇರ ಪಶುವೈದ್ಯರ ಹತ್ತಿರ ಹೋಗಿ. ಅದು ಪಾರ್ವೊ ವೈರಸ್ ಸೋಂಕು ಆಗಿರಬಹುದು. ಮರಿಗೆ ಆರರಿಂದ ಎಂಟು ವಾರ ತುಂಬುವಾಗ ಲಸಿಕೆ ಶುರು ಮಾಡಿಸಿ, ಮುಂದಿನ ಡೋಸುಗಳನ್ನು ತಪ್ಪಿಸಬೇಡಿ. ಪಾರ್ವೊಗೆ ಲಸಿಕೆ ಇದೆ, ಸ್ಯಾಶೆ ಇಲ್ಲ.