ಬಿಂಬಗ್ರಾಹಕ ಯಂತ್ರಗಳ ಅಂತಸ್ಥ ತಂತ್ರಾಂಶದ ಜೀರ್ಣೋದ್ಧಾರ: ಪೀಣ್ಯ–ವೈಟ್‌ಫೀಲ್ಡ್ ಪರಿಸರದಲ್ಲಿ ಒಂದು ತೌಲನಿಕ ಅಧ್ಯಯನ

ಹಣ ತೆತ್ತು ಕೊಂಡಾಗಿರುವ ಡಿಜಿಟಲ್ ಕ್ಯಾಮೆರಾಕ್ಕೆ ಅದರ ತಯಾರಕನು ಹೊಸ ಫರ್ಮ್‌ವೇರ್ (ಅಂತಸ್ಥ ತಂತ್ರಾಂಶ) ಒದಗಿಸುವುದು ಧರ್ಮವೋ, ದಾನವೋ, ವ್ಯಾಪಾರದ್ರೋಹವೋ ಎಂಬ ಜಟಿಲ ಸಮಸ್ಯೆಯನ್ನು ಬಹುಶಿಸ್ತೀಯ ನೆಲೆಯಲ್ಲಿ ಅನುಸಂಧಾನಕ್ಕೆ ಒಳಪಡಿಸುವುದು ಪ್ರಸ್ತುತ ಸಂಪ್ರಬಂಧದ ಉದ್ದೇಶವಾಗಿರುತ್ತದೆ. ಅಧ್ಯಯನದ ಭೌಗೋಳಿಕ ವ್ಯಾಪ್ತಿ: ಪೂರ್ವಕ್ಕೆ ವೈಟ್‌ಫೀಲ್ಡ್, ದಕ್ಷಿಣಕ್ಕೆ ಎಲೆಕ್ಟ್ರಾನಿಕ್ ಸಿಟಿ, ವಾಯವ್ಯಕ್ಕೆ ಪೀಣ್ಯ. ಮೂರನ್ನೂ ಒಂದೇ ದಿನ ಸಂದರ್ಶಿಸುವ ಕ್ಷೇತ್ರಕಾರ್ಯವನ್ನು ಸಿಲ್ಕ್ ಬೋರ್ಡ್ ಜಂಕ್ಷನ್ನಿನ ವಾಹನದಟ್ಟಣೆಯ ನಿಮಿತ್ತ ಕೈಬಿಡಲಾಗಿದೆ.

ಪ್ರದೇಶದ ಆಯ್ಕೆಗೆ ಸಮರ್ಥನೆ ಬೇಕಿಲ್ಲ. ಲೋಕದ ತಂತ್ರಾಂಶಗಳಿಗೆ ತೇಪೆ ಹಾಕುವುದೇ ಇಲ್ಲಿಯ ಕುಲಕಸುಬು. ಆರ್.ಕೆ. ಬಾಳಿಗರು 1970ರ ದಶಕದಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆಯ ಮೂಲಕ ಕೋನಪ್ಪನ ಅಗ್ರಹಾರದ ಆಸುಪಾಸಿನಲ್ಲಿ ಕಟ್ಟಲು ಹೊರಟ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಈಗ ರಾತ್ರಿ ಎರಡು ಗಂಟೆಗೂ ಯಾವುದೋ ದೇಶದ ಯಾವುದೋ ಬ್ಯಾಂಕಿಗೆ ಪ್ಯಾಚ್ ಹೋಗುತ್ತಿರುತ್ತದೆ. ಸೋನಿಗೂ ಸ್ಯಾಮ್‌ಸಂಗಿಗೂ ಬೆಂಗಳೂರಿನಲ್ಲೇ ತಂತ್ರಾಂಶ ಕೇಂದ್ರಗಳಿವೆ. ಇಂಥ ಪುಣ್ಯಭೂಮಿಯಲ್ಲಿ ಕ್ಯಾಮೆರಾವೊಂದು ‘ಆವೃತ್ತಿ 1.0.1’ ಎಂದು ಹುಟ್ಟಿ ‘ಆವೃತ್ತಿ 1.0.1’ ಎಂದೇ ತೀರಿಕೊಳ್ಳುವುದು ಸಂಶೋಧನಾರ್ಹ ವೈಚಿತ್ರ್ಯವೇ ಸರಿ.

ವರ್ಗೀಕರಣ. ನವೀಕರಣಗಳು ಪಂಚವಿಧ. ಮೊದಲನೆಯದು ನಾಮಮಾತ್ರ ನವೀಕರಣ. “ಕಾರ್ಯಾಚರಣೆಯ ಸ್ಥಿರತೆಯನ್ನು ಉತ್ತಮಪಡಿಸಲಾಗಿದೆ” ಎಂಬ ಏಕಸೂತ್ರವೇ ಇದರ ಲಕ್ಷಣ. ಅಲ್ಲಿಯವರೆಗೆ ಏನು ಅಸ್ಥಿರವಾಗಿತ್ತೆಂಬುದು ರಹಸ್ಯ. ಎರಡನೆಯದು ನಿಷ್ಕಾಮ ನವೀಕರಣ, ಅತಿ ವಿರಳ. 2011ರಲ್ಲಿ ಬಂದ ಫ್ಯೂಜಿಫಿಲ್ಮ್ ಎಕ್ಸ್100 ಕ್ಯಾಮೆರಾಕ್ಕೆ, ಅದರ ಉತ್ತರಾಧಿಕಾರಿ ಎಕ್ಸ್100ಎಸ್ ಅಂಗಡಿಗೆ ಬಂದಾದ ಮೇಲೆ, 2013ರ ಅಕ್ಟೋಬರಿನಲ್ಲಿ ಕಂಪನಿ ಹೊಸ ಫರ್ಮ್‌ವೇರ್ ಕೊಟ್ಟಿತು. ಹಳೆಯ ಕ್ಯಾಮೆರಾದ ಆಟೋಫೋಕಸ್ ಚುರುಕಾಯಿತು, ಫೋಕಸ್ ಆದ ಅಂಚನ್ನು ಎತ್ತಿ ತೋರಿಸುವ ಫೋಕಸ್ ಪೀಕಿಂಗ್ ಬಂತು, ಕಂಪನಿ ಮುಳುಗಲಿಲ್ಲ. ಮೂರನೆಯದು ಸಶುಲ್ಕ ನವೀಕರಣ. ಕ್ಯಾಮೆರಾದ ಪರದೆ ಮೇಲೆ ನಮಗೆ ಬೇಕಾದ ಹಾಗೆ ಗೆರೆ ಮೂಡಿಸಿಕೊಳ್ಳುವ ಲೈಸೆನ್ಸಿಗೆ 2024ರಲ್ಲಿ ಸೋನಿ 149 ಡಾಲರ್ ಬೆಲೆ ಇಟ್ಟಿತು. ಆ ದರದಲ್ಲಿ ನಮ್ಮ ಬೀದಿಯ ಹೆಂಗಸರು ಬಾಗಿಲಿಗೆ ಹಾಕುವ ಚುಕ್ಕಿ ರಂಗೋಲಿಯ ಲೆಕ್ಕ ಹಿಡಿದರೆ ಒಬ್ಬೊಬ್ಬರೂ ಸಂಕ್ರಾಂತಿ ಹೊತ್ತಿಗೆ ಕೋಟ್ಯಧೀಶೆಯರು. ನಾಲ್ಕನೆಯದೂ ಐದನೆಯದೂ ಇವೆ, ಇದ್ದರೆ ಇರಲಿ. ವರ್ಗೀಕರಣದಿಂದ ಯಾರ ಕ್ಯಾಮೆರಾವೂ ಸರಿಹೋದದ್ದಿಲ್ಲ.

ಪೀಣ್ಯ ಪರಂಪರೆ. ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳಿಗೆ, ಒಳಗೆ ಮೊದಲೇ ಇರುವುದನ್ನು ದುಡ್ಡಿಗೆ ತೆರೆದುಕೊಡುವ ಈ ವಿದ್ಯೆ ಹೊಸದಲ್ಲ. ಪಂಚ್ ಮಾಡಿದ ಕಾಗದದ ಟೇಪಿನ ಕಾಲದ ವಾಸನೆ ಹೋಗದೆ, ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರಗಳ ಕಂಟ್ರೋಲರಿನ ಪ್ರೋಗ್ರಾಂ ಮೆಮೊರಿಯನ್ನು ಮೀಟರಿನಲ್ಲಿ ಅಳೆಯುವುದು ಇವತ್ತಿಗೂ ಉಂಟು: 80 ಮೀಟರ್, 320 ಮೀಟರ್, ಬಟ್ಟೆಯಂಗಡಿಯ ಹಾಗೆ. ಎಷ್ಟೋ ಸಲ ಮೆಮೊರಿ ಬೋರ್ಡಿನ ಮೇಲೆ ಮೊದಲೇ ಕೂತಿರುತ್ತದೆ. ದುಡ್ಡು ಕಟ್ಟಿದರೆ ಒಂದು ಪ್ಯಾರಾಮೀಟರ್ ಬದಲಾಗಿ ಮೀಟರ್ ಹೆಚ್ಚುತ್ತದೆ. ಆದರೆ ಅದೇ ಪೀಣ್ಯದಲ್ಲಿ ಇನ್ನೊಂದು ಪಂಥವೂ ಇದೆ. ಹಳೆಯ ಲೇತಿಗೆ ಹೊಸ ಕಂಟ್ರೋಲರ್, ಹೊಸ ಡ್ರೈವ್ ಕೂರಿಸಿ ರೆಟ್ರೋಫಿಟ್ ಮಾಡುವ ಮಂದಿ, ಎರಕದ ಬೆಡ್ ಗಟ್ಟಿಯಾಗಿದ್ದರೆ ಮಶೀನು ಸತ್ತಿತೆಂದು ಒಪ್ಪುವುದಿಲ್ಲ. ಕ್ಯಾಮೆರಾ ಶಾಸ್ತ್ರಕಾರರು ಈ ಪಂಥವನ್ನು ಓದಿಲ್ಲ.

ಪೂರ್ವಪಕ್ಷ. ತಯಾರಕರ ವಾದ: “ಹಳೆಯ ಪ್ರೊಸೆಸರಿಗೆ ಅಷ್ಟು ಶಕ್ತಿಯಿಲ್ಲ, ಪ್ರತಿ ಲೆನ್ಸಿನೊಂದಿಗೂ ಮತ್ತೆ ಪರೀಕ್ಷಿಸಬೇಕು, ಅಪ್‌ಡೇಟ್ ಆಗುವಾಗ ಬ್ಯಾಟರಿ ಕೈಕೊಟ್ಟರೆ ಕ್ಯಾಮೆರಾ ಇಟ್ಟಿಗೆ.” ಎರಡನೆಯದು ಖರೆ, ಪರೀಕ್ಷೆಗೆ ಖರ್ಚಿದೆ. ಮೂರನೆಯದಕ್ಕೆ ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿಕೊಂಡರಾಯಿತು. ಮೊದಲನೆಯದನ್ನು ಹೊರಗಿನವರು ಯಾವಾಗಲೋ ಸುಳ್ಳು ಮಾಡಿದ್ದಾರೆ. 2003ರ ಕ್ಯಾನನ್ 300ಡಿಯಲ್ಲಿ ಕಂಪನಿ ಮುಚ್ಚಿಟ್ಟಿದ್ದ ಸೌಲಭ್ಯಗಳನ್ನು ರಷ್ಯಾದ ಹವ್ಯಾಸಿಯೊಬ್ಬ ಫರ್ಮ್‌ವೇರ್ ತಿದ್ದಿಯೇ ತೆರೆದ. 2009ರಲ್ಲಿ ಶುರುವಾದ ಮ್ಯಾಜಿಕ್ ಲ್ಯಾಂಟರ್ನ್ ಎಂಬ ಹೊರಗಿನವರ ತಂತ್ರಾಂಶ, ಕ್ಯಾನನ್ 5ಡಿ ಮಾರ್ಕ್ 2ಕ್ಕೆ ಕಂಪನಿ ಕೊಡದಿದ್ದನ್ನು ಕೊಟ್ಟಿತು. ಕ್ಯಾನನ್ನೇ 2012ರಲ್ಲಿ ಮೂರು ವರ್ಷ ಹಳೆಯ 7ಡಿಗೆ ಫರ್ಮ್‌ವೇರ್ ಬಿಟ್ಟು, ಒಂದೇ ಓಟದಲ್ಲಿ ತೆಗೆಯಬಹುದಾದ ರಾ ಚಿತ್ರಗಳನ್ನು 15ರಿಂದ 25ಕ್ಕೆ ಏರಿಸಿತು. ಒಂದು ಸ್ಕ್ರೂ ಕೂಡ ಬಿಚ್ಚಲಿಲ್ಲ. ಹಾಗಾದರೆ ಆ ಹತ್ತು ಚಿತ್ರಗಳ ಜಾಗ ಮೂರು ವರ್ಷ ಎಲ್ಲಿ ಅಡಗಿತ್ತು?

ಈ ಹತ್ತರ ಬೆಲೆ ಏನೆಂದು ಚಂದಾಪುರದ ಕಡೆಯ ಮದುವೆ ಫೋಟೋಗ್ರಾಫರನ್ನು ಕೇಳಬೇಕು. ಗಟ್ಟಿಮೇಳ ಮೊಳಗುತ್ತದೆ, ಅಕ್ಷತೆ ಹಾರುತ್ತದೆ, ಹುಡುಗ ತಾಳಿ ಕಟ್ಟಲು ಕೈ ಎತ್ತುತ್ತಾನೆ, ಕ್ಯಾಮೆರಾದ ಕೆಂಪು ದೀಪ ಮಿಣುಕುತ್ತದೆ, ಶಟರ್ ಬೀಳುವುದೇ ಇಲ್ಲ. ತೆಗೆದ ಚಿತ್ರಗಳನ್ನು ಹಿಡಿದಿಡುವ ಬಫರ್ ತುಂಬಿದೆ. ಮೂರನೇ ಗಂಟು ಬಿದ್ದ ಮೇಲೆ ದೀಪ ಆರುತ್ತದೆ. ಸರ್ವಿಸ್ ಸೆಂಟರಿಗೆ ಹೋದರೆ ಉತ್ತರ ಸಿದ್ಧ: “ಸಾರ್, ಆ ಮಾಡೆಲ್‌ಗೆ ಸಪೋರ್ಟ್ ನಿಂತೋಗಿದೆ. ಎಕ್ಸ್‌ಚೇಂಜ್ ಆಫರ್ ಇದೆ, ಹೊಸದು ತಗೊಂಡ್ಬಿಡಿ.” ಫೋಟೋಗ್ರಾಫರ್ ಇನ್ನೂ ಹಳೆಯದರ ಇಎಂಐ ಕಟ್ಟುತ್ತಿದ್ದಾನೆ ಸ್ವಾಮಿ! ಶಟರ್ ಸವೆದಿಲ್ಲ, ಸೆನ್ಸರಿಗೆ ಕಣ್ಣು ಮಂಜಾಗಿಲ್ಲ, ರಬ್ಬರಿನ ಹಿಡಿ ಮಾತ್ರ ಬಿಟ್ಟಿದೆ, ಅದಕ್ಕೂ ಫೆವಿಕ್ವಿಕ್ ಹಾಕಿಕೊಂಡಿದ್ದಾನೆ. ಇದನ್ನು ‘ಉತ್ಪನ್ನ ಜೀವನಚಕ್ರದ ಅಂತಿಮ ಹಂತ’ ಎಂದು ಹವಾನಿಯಂತ್ರಿತ ಕೋಣೆಯಲ್ಲಿ ಸ್ಲೈಡು ಹಾಕಿ ವಿವರಿಸಿದವರ ಮುಂದೆ ನಾನೂ ಕೂತು ತಲೆದೂಗಿದ್ದೇನೆ. ಆ ಸ್ಲೈಡಿನಲ್ಲಿ ಮಂಟಪವೂ ಇರಲಿಲ್ಲ, ಇಎಂಐಯೂ ಇರಲಿಲ್ಲ.

ಪೀಣ್ಯ ದಾಟಿ ತುಮಕೂರು ರಸ್ತೆಯಲ್ಲಿ ಹಾಗೇ ಹೋದರೆ ದಾಬಸ್‌ಪೇಟೆ. ಇ-ಪರಿಸರ ಎಂಬ ಇ-ತ್ಯಾಜ್ಯ ಸಂಸ್ಕರಣಾ ಘಟಕ ಅಲ್ಲಿದೆ. ಕೆಟ್ಟ ಯಂತ್ರ ಅಂಥಲ್ಲಿಗೆ ಹೋಗಿ ತಾಮ್ರ, ಪ್ಲಾಸ್ಟಿಕ್ ಬೇರೆಬೇರೆಯಾದರೆ ಸಂತೋಷ. ಕೆಡದೇ ಇರುವ ಯಂತ್ರ, ಒಂದು ಫೈಲು ಸಿಗಲಿಲ್ಲವೆಂಬ ಕಾರಣಕ್ಕೆ ಸುತ್ತಿಗೆ ಕೆಳಗೆ ಬೀಳುವುದಕ್ಕೆ ಯಾವ ಶಾಸ್ತ್ರದಲ್ಲೂ ಸಮಾಧಾನವಿಲ್ಲ.

ತಯಾರಕರೇ, ಮಾಡೆಲ್ ನಿಲ್ಲಿಸುವ ದಿನ ಕೊನೆಯದೊಂದು ಫರ್ಮ್‌ವೇರ್ ಬಿಡಿ. ಬೀಗ ಹಾಕಿಟ್ಟದ್ದನ್ನೆಲ್ಲ ಅದರಲ್ಲಿ ತೆರೆದುಬಿಡಿ. ಬರೆಯಲು ಆಳಿಲ್ಲ ಎನ್ನುವುದಾದರೆ ಕೋಡ್ ಬಿಟ್ಟುಕೊಡಿ. ವಾರವಿಡೀ ಊರವರ ತಂತ್ರಾಂಶಕ್ಕೆ ತೇಪೆ ಹಾಕಿ, ಶನಿವಾರ ಹೊಸಕೋಟೆ ಕೆರೆಗೆ ಹಕ್ಕಿ ಫೋಟೋ ತೆಗೆಯಲು ಹೋಗುವ ಹುಡುಗರು ವೈಟ್‌ಫೀಲ್ಡಿನಲ್ಲಿ ಬೇಕಾದಷ್ಟಿದ್ದಾರೆ. ಅವರು ಪುಕ್ಕಟೆ ಬರೆದುಕೊಡುತ್ತಾರೆ.